ಹೆಗಲ ಮೇಲಿದ್ದ ಕೈ

ಇದನ್ನು ಬರೆಯಬೇಕು ಎಂದುಕೊಂಡು ಐದು ವರ್ಷವಾಯಿತು. ಮೊದಲು, ಕಾಯಿಲೆ ಏನೆಂದು ಸರಿಯಾಗಿ ತಿಳಿಯಲಿ ಎಂದೆ. ಆಮೇಲೆ ಮಾತ್ರೆ ಮೈಗೆ ಒಗ್ಗಲಿ ಎಂದೆ. ಆಮೇಲೆ ಈ ದೆಹಲಿಯ ಚಳಿ ಮುಗಿಯಲಿ ಎಂದೆ. ಚಳಿ ಬಂದು ಬಂದು ಹೋಯಿತು. ಈಗ ನನ್ನ ಅಕ್ಷರ ಚಿಕ್ಕದಾಗುತ್ತಿದೆ. ಸಾಲಿನ ಮೊದಲಲ್ಲಿ ಕಡಲೆಕಾಳಿನಷ್ಟಿರುವ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಸಾಸಿವೆಯಷ್ಟಾಗಿರುತ್ತದೆ. ಧ್ವನಿಯೂ ಹಾಗೆಯೇ ಇಳಿಯುತ್ತಿದೆ. ನಾನು ಒಬ್ಬನ ಕ್ಷಮೆ ಕೇಳಬೇಕಾಗಿದೆ. ಅಕ್ಷರವೂ ಧ್ವನಿಯೂ ಪೂರ್ತಿ ಹೋಗುವ ಮೊದಲು ಕೇಳಬೇಕು. ಕಾಯಿಲೆಯ ಕತೆ ಹೇಳುತ್ತೇನೆಂದು ಕೂತವನು ಆ ಕ್ಷಮೆಯನ್ನೂ ಕೇಳದೆ ಎದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ನನಗೆ ಈಗ ಅರವತ್ತೆಂಟು. ತಿಪಟೂರಿನ ಹತ್ತಿರದವನು. ಎಸ್ಸೆಸ್ಸೆಲ್ಸಿ ಮುಗಿಸಿ ಕೇಂದ್ರದ ಪೊಲೀಸ್ ಪಡೆಯೊಂದಕ್ಕೆ ಸೇರಿದೆ. ಅಲ್ಲಿಂದ ಆಯ್ಕೆಯಾಗಿ ದೆಹಲಿಯ ಹತ್ತಿರದ ಒಂದು ವಿಶೇಷ ತಂಡಕ್ಕೆ ಬಂದೆ. ಬಂದೂಕು ಹಿಡಿದವರು ಯಾರನ್ನೋ ಮನೆಯೊಳಗೆ ಕೂಡಿಹಾಕಿಕೊಂಡು ಕೂತಾಗ, ಠಾಣೆಯ ಪೊಲೀಸರ ಕೈಯಲ್ಲಿ ಆಗದಾಗ, ಬಾಗಿಲು ಒಡೆದು ಒಳಗೆ ಹೋಗುವ ತಂಡ ಅದು. ಒಂಬತ್ತು ವರ್ಷ ಅದರಲ್ಲಿದ್ದೆ. ಈಗ ದೆಹಲಿಯ ಪಕ್ಕದ ಇಂದಿರಾಪುರಂನಲ್ಲಿ ಮಗಳ ಮನೆಯಲ್ಲಿದ್ದೇನೆ, ಹನ್ನೊಂದನೇ ಮಹಡಿಯಲ್ಲಿ. ಹೆಂಡತಿ ತೀರಿಕೊಂಡು ಏಳು ವರ್ಷವಾಯಿತು. ಮಗಳು ಸುಧಾ ಗ್ರೇಟರ್ ನೋಯ್ಡಾದ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಎಂಟಕ್ಕೆ ಅವಳೂ ಅಳಿಯನೂ ಹೊರಟರೆ ಏಳರವರೆಗೆ ಮನೆಯಲ್ಲಿ ನಾನೊಬ್ಬನೇ.

ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಅವಳೇ. ಒಂದು ಭಾನುವಾರ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದೆ.

"ಅಪ್ಪ, ಪೇಪರ್ ಯಾಕೆ ಇಷ್ಟು ಆವಾಜ್ ಮಾಡ್ತಿದೆ?"

"ಗಾಳಿ."

"ಗಾಳಿ ಎಲ್ಲಿದೆ? ಎಲೆ ಕೂಡ ಅಲ್ಲಾಡ್ತಿಲ್ಲ."

ನೋಡಿದರೆ ನನ್ನ ಎಡಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತನ್ನಷ್ಟಕ್ಕೆ ಉಜ್ಜುತ್ತಿತ್ತು, ಕಾಳು ಸುಲಿಯುವವರ ಹಾಗೆ. ಆವತ್ತಿನಿಂದ ಆರು ತಿಂಗಳು ಆ ಕೈಯನ್ನು ಬಚ್ಚಿಟ್ಟೆ. ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದೆ. ಚಹಾ ಲೋಟವನ್ನು ಬಲಗೈಯಲ್ಲೇ ಹಿಡಿಯುತ್ತಿದ್ದೆ. ಮನೆಗೆ ಯಾರಾದರೂ ಬಂದರೆ ಶಾಲು ಹೊದೆಯುತ್ತಿದ್ದೆ, ಮೇ ತಿಂಗಳಲ್ಲೂ. ಕಾಯಿಲೆ ಬಚ್ಚಿಡುವವರಿಗೆ ಒಂದು ಮಾತು ಹೇಳುತ್ತೇನೆ. ಎಲ್ಲರಿಗೂ ಗೊತ್ತಿರುತ್ತದೆ. ಬಚ್ಚಿಡುವುದರಿಂದ ನಾವು ಒಂಟಿಯಾಗುತ್ತೇವೆ, ಅಷ್ಟೇ.

ಕೊನೆಗೆ ಸುಧಾ ರಜೆ ಹಾಕಿ ಒಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನರರೋಗದ ಹೊರರೋಗಿ ವಿಭಾಗದಲ್ಲಿ ಸ್ಟೀಲ್ ಕುರ್ಚಿಗಳ ಸಾಲು. ಗೋಡೆಯ ಮೇಲೆ ನಂಬರು ಬರುವ ಡಬ್ಬ. ಅದು ಕೆಟ್ಟಿತ್ತು, ಒಬ್ಬ ಬಂದು ಕೂಗುತ್ತಿದ್ದ. ಅಲ್ಲಿ ಕೂತವರಲ್ಲಿ ಅರ್ಧ ಜನ ನಡುಗುತ್ತಿದ್ದರು, ಉಳಿದವರು ನಡುಗುವವರನ್ನು ಹಿಡಿದುಕೊಂಡಿದ್ದರು. ಪಕ್ಕದಲ್ಲಿ ನನ್ನ ವಯಸ್ಸಿನ ಒಬ್ಬರು ಕೂತಿದ್ದರು. ಲಜಪತ ನಗರದ ಕಡೆ ದರ್ಜಿ ಅಂಗಡಿ ಇಟ್ಟಿರುವವರಂತೆ. ನನ್ನ ಶಾಲನ್ನು ನೋಡಿದರು.

"ಯಾವ ಕೈ?" ಎಂದು ಹಿಂದಿಯಲ್ಲಿ ಕೇಳಿದರು.

ಸುಳ್ಳು ಹೇಳಲಾಗಲಿಲ್ಲ. "ಎಡ."

"ನನ್ನದು ಬಲ. ಚಲೋ, ನಾವಿಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ ಆಗ್ತಾನೆ."

ಆರು ತಿಂಗಳಲ್ಲಿ ಮೊದಲ ಸಲ ನಕ್ಕೆ. ಶಾಲು ತೆಗೆದು ಸುಧಾಳ ಕೈಗೆ ಕೊಟ್ಟೆ.

ಒಳಗಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬೆರಳು ಬಡಿಯಲು ಹೇಳಿದರು, ನಡೆದು ತೋರಿಸಲು ಹೇಳಿದರು, ಹಿಂದಿನಿಂದ ಎಳೆದು ನೋಡಿದರು. ಪಾರ್ಕಿನ್ಸನ್ ಎಂದರು. ವಾಸಿಯಾಗುವುದಿಲ್ಲ, ಮಾತ್ರೆ ತೆಗೆದುಕೊಂಡು ಬಹಳ ವರ್ಷ ಬಾಳಬಹುದು ಎಂದರು. ಧ್ವನಿ ಉಳಿಯಬೇಕಾದರೆ ದಿನಾ ಜೋರಾಗಿ ಓದಬೇಕು ಎಂದರು. ಕಾರಿನಲ್ಲಿ ಸುಧಾ ಎದುರಿನ ರಸ್ತೆಯನ್ನೇ ನೋಡುತ್ತಾ ಗೇರ್ ಮೇಲೆ ಇಟ್ಟ ಕೈಯನ್ನು ತೆಗೆದು ನನ್ನ ಎಡಗೈ ಮೇಲೆ ಇಟ್ಟಳು. ಸಿಗ್ನಲ್ ಹಸಿರಾದಾಗ ತೆಗೆದಳು.

ಅಂದಿನಿಂದ ಹಗಲೆಲ್ಲಾ ಖಾಲಿ ಮನೆಯಲ್ಲಿ ಜೋರಾಗಿ ಓದುತ್ತೇನೆ. ಊರಿಂದ ತರಿಸಿದ ಕ್ಯಾಲೆಂಡರ್ ಓದುತ್ತೇನೆ, ಔಷಧಿ ಡಬ್ಬದ ಮೇಲಿನದು ಓದುತ್ತೇನೆ. ಎದುರಿನ ಕಟ್ಟಡದ ಬಾಲ್ಕನಿಗಳಲ್ಲಿ ಬಟ್ಟೆಗಳಿರುತ್ತವೆ, ಮನುಷ್ಯರಿರುವುದಿಲ್ಲ. ಕೇಳುವವರಿಲ್ಲದ ಮನೆಯಲ್ಲಿ ಜೋರಾಗಿ ಓದುತ್ತಿದ್ದರೆ ನಮ್ಮ ಧ್ವನಿ ನಮಗೇ ಬೇರೆ ಯಾರದೋ ಅನ್ನಿಸಲು ಶುರುವಾಗುತ್ತದೆ.

ನಡುಕ ದೊಡ್ಡದಲ್ಲ. ದೊಡ್ಡದು ಆಮೇಲೆ ಬಂತು, ಮೂರನೇ ವರ್ಷದಲ್ಲಿ. ಹಾಲು ತರಲೆಂದು ಲಿಫ್ಟಿನ ಮುಂದೆ ನಿಂತಿದ್ದೆ. ಬಾಗಿಲು ತೆರೆಯಿತು. ಕಾಲು ಏಳಲಿಲ್ಲ. ಅಂಗಾಲನ್ನು ಯಾರೋ ನೆಲಕ್ಕೆ ಅಂಟಿಸಿದ ಹಾಗಾಯಿತು. ತಲೆ ಹೋಗು ಎನ್ನುತ್ತದೆ, ಎದೆ ಮುಂದಕ್ಕೆ ವಾಲುತ್ತದೆ, ಕಾಲು ಇಲ್ಲವೇ ಇಲ್ಲ ಎನ್ನುವ ಹಾಗೆ ಇರುತ್ತದೆ. ಒಳಗಿದ್ದ ಹೆಂಗಸು "ಅಂಕಲ್ ಜೀ, ಆನಾ ಹೈ?" ಎಂದಳು, ಬರುತ್ತೀರಾ ಎಂದು. ಏನೋ ಮರೆತವನ ಹಾಗೆ ಜೇಬು ತಡಕಿ, ನೀವು ಹೋಗಿ ಎಂದು ಕೈ ಮಾಡಿದೆ. ಬಾಗಿಲು ಮುಚ್ಚಿತು. ಮತ್ತೆ ಗುಂಡಿ ಒತ್ತಿದೆ, ಮತ್ತೆ ತೆರೆಯಿತು, ಮತ್ತೆ ಮುಚ್ಚಿತು. ನಾಲ್ಕು ಸಲ ಹೀಗಾದ ಮೇಲೆ ಗೋಡೆ ಹಿಡಿದುಕೊಂಡು ಮನೆಗೆ ವಾಪಸು ಬಂದೆ.

ಬಯಲಲ್ಲಿ ನಡೆಯುತ್ತೇನೆ. ಬಾಗಿಲು ಬಂದರೆ ನಿಂತುಬಿಡುತ್ತೇನೆ. ಬಚ್ಚಲಿನ ಬಾಗಿಲು, ಅಡುಗೆಮನೆಯ ಬಾಗಿಲು, ಯಾವುದಾದರೂ ಸರಿ. ಒಂಬತ್ತು ವರ್ಷ ಬಾಗಿಲುಗಳಿಗೆ ನುಗ್ಗುವುದನ್ನೇ ಕೆಲಸ ಮಾಡಿಕೊಂಡವನು ನಾನು. ಇದನ್ನು ಯಾರಿಗೆ ಹೇಳುವುದು? ಮೂರು ವಾರ ಕೆಳಗಿಳಿಯಲೇ ಇಲ್ಲ. ಮಂಡಿನೋವು ಎಂದೆ. ಗಾರ್ಡ್ ಹೇಳಿದ ಮೇಲೆ ಸುಧಾಳಿಗೆ ತಿಳಿಯಿತು.

"ಮೂರು ವೀಕ್ಸ್, ಅಪ್ಪ! ಗಾರ್ಡ್ ಭಯ್ಯಾಗೆ ಗೊತ್ತು, ನನಗೆ ಗೊತ್ತಿಲ್ಲ. ನಾನೇನು ಈ ಮನೇಲಿ ಪೇಯಿಂಗ್ ಗೆಸ್ಟಾ?"

ಆ ತಿಂಗಳು ಆಸ್ಪತ್ರೆಯಲ್ಲಿ ದರ್ಜಿ ಸಾಹೇಬರು ಮತ್ತೆ ಸಿಕ್ಕಿದರು. ಈಗ ಅವರ ಜತೆ ಹೆಂಡತಿಯೂ ಬಂದಿದ್ದರು. ನನ್ನ ಕಷ್ಟ ಕೇಳಿ ದರ್ಜಿ ಸಾಹೇಬರು ತಲೆಯಾಡಿಸಿದರು.

"ನನಗೂ ಹಾಗೇ. ಹಿಂದಿನಿಂದ ಯಾರಾದರೂ ಹೆಗಲು ಮುಟ್ಟಿ ಸ್ವಲ್ಪ ಒತ್ತಬೇಕು, ಕಾಲು ಬಿಡ್ತದೆ. ಇವಳು ಒತ್ತುತ್ತಾಳೆ. ಸಿಟ್ಟು ಬಂದಾಗ ಗುದ್ದುತ್ತಾಳೆ, ಆಗ ಇನ್ನೂ ಬೇಗ ಬಿಡ್ತದೆ."

"ಗುದ್ದಿದರೂ ಅಂಗಡಿಗೆ ಹೋಗ್ತಾರೆಯೇ ಹೊರತು ತರಕಾರಿಗೆ ಹೋಗಲ್ಲ," ಎಂದರು ಆಕೆ.

ಸುಧಾ ನಕ್ಕಳು. ನಾನು ನಗಲಿಲ್ಲ. ಹೆಗಲು ಒತ್ತುವುದು ಎಂಬ ಮಾತು ಕೇಳಿದ್ದೇ ಎದ್ದು ನೀರು ಕುಡಿಯಲು ಹೋದೆ.

ಮನೆಗೆ ಬಂದೆವು. ಲಿಫ್ಟಿನ ಬಾಗಿಲು ತೆರೆಯಿತು, ನಾನು ನಿಂತೆ. ಸುಧಾ ಹಿಂದೆ ಬಂದು ಎಡಗೈಯನ್ನು ನನ್ನ ಹೆಗಲ ಮೇಲಿಟ್ಟು ಒತ್ತಿದಳು. ಕಾಲು ಬಿಟ್ಟಿತು. ಒಳಗೆ ಹೋದೆ. ಅವಳು "ಯೆಸ್!" ಎಂದು ಕೂಗಿದಳು. ನಾನು ಲಿಫ್ಟಿನ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವಳು ಖುಷಿಗೆ ಅಳುತ್ತಿದ್ದೇನೆಂದು ತಿಳಿದುಕೊಂಡು ತಲೆ ನೇವರಿಸಿದಳು.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಬಾಗಿಲ ಪಕ್ಕದ ಗೋಡೆಗೆ ಒತ್ತಿಕೊಂಡು ಐದು ಜನ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಿದ್ದೆವು. ಬಲಗೈ ಬಂದೂಕಿನ ಮೇಲೆ, ಎಡಗೈ ಮುಂದಿನವನ ಹೆಗಲ ಮೇಲೆ. ಮಾತಾಡುವ ಹಾಗಿಲ್ಲ. ಹೊರಡಬೇಕು ಎಂಬ ಆದೇಶ ಕೊನೆಯವನಿಗೆ ಬರುತ್ತದೆ. ಅವನು ತನ್ನ ಮುಂದಿನವನ ಹೆಗಲು ಒತ್ತುತ್ತಾನೆ, ಅವನು ಅವನ ಮುಂದಿನವನದು. ಮೊದಲನೆಯವನ ಹೆಗಲಿಗೆ ಒತ್ತು ಬಿದ್ದ ಕ್ಷಣ ಅವನು ಬಾಗಿಲಿಗೆ ನುಗ್ಗುತ್ತಾನೆ. ಅವನು ಹಿಂತಿರುಗಿ ನೋಡುವುದಿಲ್ಲ. ನೋಡಬಾರದು. ಅವನ ಕಣ್ಣು ಬಾಗಿಲಿನ ಮೇಲೆ, ಅವನ ಜೀವ ಹಿಂದಿನವನ ಕೈಯಲ್ಲಿ. ಹಿಂದಿನಿಂದ ಒತ್ತು ಬಾರದೆ ಮುಂದೆ ಕೊಡಬಾರದು. ಇದೊಂದೇ ನಿಯಮ. ಹೆಗಲ ಮೇಲೆ ಕೈ ಇಡಬಹುದಿತ್ತು, ಒರಗುವ ಹಾಗಿರಲಿಲ್ಲ.

ನಾನು ಎರಡನೆಯವನು. ನನ್ನ ಮುಂದೆ ಯಾವಾಗಲೂ ಅವನು, ನಾನು ಕ್ಷಮೆ ಕೇಳಬೇಕಾದವನು. ಇಡೀ ತಂಡದಲ್ಲಿ ಕನ್ನಡದವರು ನಾವಿಬ್ಬರೇ. ಅವನು ವಿಜಯಪುರದ ಕಡೆಯವನು. "ಹಿಂದ ನೀ ಇದ್ದಿ ಅಂದ್ರ ಮುಂದ ಯಮ ನಿಂತಿದ್ರೂ ನಡೀತದ ದೋಸ್ತ," ಎನ್ನುತ್ತಿದ್ದ. ಭಾನುವಾರ ನಮ್ಮ ಕ್ವಾರ್ಟರ್ಸಿಗೆ ಊಟಕ್ಕೆ ಬರುತ್ತಿದ್ದ. ಅವನಿಗಾಗಿ ನನ್ನ ಹೆಂಡತಿ ಜೋಳದ ರೊಟ್ಟಿ ತಟ್ಟುವುದನ್ನು ಕಲಿತಳು. ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿ, "ವೈನಿ, ಇದರಾಗ ಭಾರತದ ನಕಾಶೆ ಐತಿ," ಎಂದಿದ್ದ. ಐದು ವರ್ಷದ ಸುಧಾ ಅವನನ್ನು ರೊಟ್ಟಿ ಮಾಮ ಎನ್ನುತ್ತಿದ್ದಳು.

ಜೂನ್ ತಿಂಗಳ ಒಂದು ಮಧ್ಯಾಹ್ನ. ಎರಡನೇ ಮಹಡಿಯ ಮನೆ. ಒಳಗೆ ಒಬ್ಬ ವ್ಯಾಪಾರಿಯನ್ನು ಅಪಹರಿಸಿ ತಂದಿಟ್ಟುಕೊಂಡ ಇಬ್ಬರು. ಹಿಂದಿನ ಕಿಟಕಿಯ ಕಡೆಗೆ ನಮ್ಮದೇ ಇನ್ನೊಂದು ಗುಂಪು ಹೋಗುತ್ತಿತ್ತು. ಅವರು ತಲುಪುವವರೆಗೆ ನಾವು ಮೆಟ್ಟಿಲಿನಲ್ಲಿ ಬಾಗಿ ನಿಂತಿರಬೇಕು. ನಲವತ್ತು ನಿಮಿಷ ನಿಂತೆವು. ನನ್ನ ಮೀನಖಂಡ ಗಂಟುಕಟ್ಟಿತು. ನೋವು ತಡೆಯಲಾಗಲಿಲ್ಲ. ಕಾಲು ಬದಲಿಸಲೆಂದು ಒಂದು ಕ್ಷಣ ಅವನ ಹೆಗಲನ್ನು ಹಿಡಿದು ಭಾರ ಹಾಕಿದೆ.

ಅವನು ಹೊರಟುಬಿಟ್ಟ. ಬಾಗಿಲು ಒಡೆಯಿತು. ಕಿಟಕಿಯವರು ಇನ್ನೂ ಬಂದಿರಲಿಲ್ಲ. ನನಗೆ ಏನಾಯಿತೆಂದು ತಿಳಿದು ಅವನ ಹಿಂದೆ ಓಡುವಷ್ಟರಲ್ಲಿ ಅವನು ಒಳಗೆ ಒಬ್ಬನೇ. ಎರಡು ಗುಂಡಿನ ಸದ್ದಾಯಿತು. ವ್ಯಾಪಾರಿ ಬದುಕಿದ. ಅಪಹರಿಸಿದವರು ಸಿಕ್ಕಿದರು. ಅವನ ಮಂಡಿ ಚೂರಾಯಿತು.

ಎರಡು ತಿಂಗಳ ಮೇಲೆ ವಿಚಾರಣೆ. ಮೂರು ಜನ ಅಧಿಕಾರಿಗಳು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಮೂರನೆಯವನು, ನನಗೆ ಹಿಂದಿನಿಂದ ಒತ್ತು ಬಂದಿರಲಿಲ್ಲ, ನಾನು ಕೊಡಲಿಲ್ಲ ಎಂದ. ಆಮೇಲೆ ನನ್ನನ್ನು ಕೇಳಿದರು. "ನಾನು ಸಂಕೇತ ಕೊಡಲಿಲ್ಲ, ಸಾಬ್" ಎಂದೆ. ಆ ಮಾತು ಸುಳ್ಳಲ್ಲ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಸಂಕೇತ ಕೊಟ್ಟಿರಲಿಲ್ಲ. ಒರಗಿದ್ದೆ. ಅವರು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಿದ್ದರೆ ನನ್ನನ್ನು ತಂಡದಿಂದ ತೆಗೆಯುತ್ತಿದ್ದರು.

ಆಸ್ಪತ್ರೆಯಿಂದ ಬಂದು ಊರುಗೋಲಿನ ಮೇಲೆ ನಿಂತಿದ್ದ ಅವನು ನನ್ನ ಕಡೆ ತಿರುಗಿ ನೋಡಿದ. ಸಿಟ್ಟಿನಿಂದಲ್ಲ. ಲೆಕ್ಕ ತಪ್ಪಿದ ಹುಡುಗ ಮೇಷ್ಟರನ್ನು ನೋಡುವ ಹಾಗೆ. ಆಮೇಲೆ ಅಧಿಕಾರಿಗಳಿಗೆ, "ಮುಝೇ ಹೀ ಲಗಾ ಹೋಗಾ, ಸಾಬ್," ಎಂದ. ನನಗೇ ಹಾಗೆ ಅನ್ನಿಸಿರಬೇಕು ಎಂದು.

ಹೊರಗೆ ಬೇವಿನ ಮರದ ಕೆಳಗೆ ನಿಂತು ಕನ್ನಡದಲ್ಲಿ ಕೇಳಿದ. "ನೀ ಒತ್ತಿಲ್ಲಲ್ಲ?"

ಅಲ್ಲಿ ಯಾರೂ ಇರಲಿಲ್ಲ. ಅಲ್ಲಿಯಾದರೂ ಹೇಳಬಹುದಿತ್ತು.

"ಇಲ್ಲ," ಎಂದೆ.

"ಹಂಗಾರ ನನ್ನ ಹೆಗಲಿಗೇ ಹುಚ್ಚು ಹಿಡದೈತಿ ಬಿಡು," ಎಂದು ನಕ್ಕ.

ಆದೇಶಕ್ಕೆ ಮೊದಲೇ ನುಗ್ಗಿದ ಎಂದು ಅವನ ದಾಖಲೆಯಲ್ಲಿ ಬರೆದರು. ತಂಡದಿಂದ ತೆಗೆದು ಹಳೆಯ ಪಡೆಗೆ ಕಳಿಸಿದರು. ಉಳಿದ ಸರ್ವೀಸೆಲ್ಲಾ ಯಾವುದೋ ಗೇಟಿನಲ್ಲಿ ಬಂದುಹೋಗುವವರ ಹೆಸರು ಬರೆಯುತ್ತಾ ಕಳೆದನಂತೆ. ಮುಂದೆ ಅವನ ಜತೆ ಇದ್ದವನೊಬ್ಬ ನನಗೆ ಹೇಳಿದ: ಅವನು ಗೇಟಿಗೆ ಬೀಗ ಹಾಕಿ, ಎರಡು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುತ್ತಿದ್ದ. ಹಾಕಿದೆನೋ, ಹಾಕಿದೆ ಅನ್ನಿಸಿತೋ ಎಂದು ಪಕ್ಕದವನನ್ನು ಕೇಳುತ್ತಿದ್ದ. ಅವನ ಮಂಡಿ ಒಡೆದದ್ದು ಗುಂಡು. ಈ ಅನುಮಾನವನ್ನು ಅವನ ಮೈಗೆ ಹಾಕಿದ್ದು ನಾನು.

ಲಿಫ್ಟಿನಲ್ಲಿ ಶುರುವಾದ ಅಳು ಮನೆಯೊಳಗೂ ನಿಲ್ಲದಿದ್ದಾಗ ಅದು ಖುಷಿಯದಲ್ಲ ಎಂದು ಸುಧಾಳಿಗೆ ತಿಳಿಯಿತು, ಬಿಡದೆ ಏನಾಯಿತು ಎಂದು ಕೇಳಿದಳು. ಅರ್ಧ ಹೇಳಿದೆ. ಡ್ಯೂಟಿಯಲ್ಲಿ ಒಮ್ಮೆ ನನ್ನ ಎಡಗೈ ತಾನಾಗಿಯೇ ಒತ್ತಿತು, ಒಬ್ಬನಿಗೆ ಪೆಟ್ಟಾಯಿತು ಎಂದೆ. ತಾನಾಗಿಯೇ ಎಂಬ ಮಾತು ಹೇಗೆ ಬಾಯಿಗೆ ಬಂತೋ. ಅವಳ ಮುಖ ಅರಳಿತು.

"ಎಡಗೈ! ಅಪ್ಪ, ಕಾಯಿಲೆ ಆವಾಗಲೇ ಶುರುವಾಗಿದ್ದರೆ? ಹಾಗಾದ್ರೆ ಅದು ನಿಮ್ಮ ತಪ್ಪೇ ಅಲ್ವಲ್ಲ!"

ಒಂದು ತಿಂಗಳು ಆ ಮಾತನ್ನು ಹಿಡಿದುಕೊಂಡು ಬದುಕಿದೆ. ನಿಜ ಹೇಳುತ್ತೇನೆ, ಈ ಐದು ವರ್ಷದಲ್ಲಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಆ ಒಂದು ತಿಂಗಳು. ಕಾಯಿಲೆ ನನ್ನನ್ನು ಬಿಡಿಸುತ್ತದೆ ಎಂದುಕೊಂಡೆ.

ಮುಂದಿನ ಸಲ ಸುಧಾಳೇ ಡಾಕ್ಟರನ್ನು ಕೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಎಷ್ಟು ವರ್ಷದ ಹಿಂದೆ, ಅಂಕಲ್?"

"ಮೂವತ್ತು ದಾಟಿದೆ."

"ಆಗ ಕೈ ನಡುಗುತ್ತಿತ್ತಾ? ಗುರಿ ಅಭ್ಯಾಸದಲ್ಲಿ ಏನಾದರೂ ವ್ಯತ್ಯಾಸ?"

ಆ ವಾರವೇ ಗುರಿ ಹೊಡೆದಿದ್ದೆ. ತಂಡದಲ್ಲೇ ಮೊದಲು ಬಂದಿದ್ದೆ. ಸುಧಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸ್ವಲ್ಪ ನಡುಗುತ್ತಿತ್ತು ಎಂದರೆ ಸಾಕಿತ್ತು.

"ಇಲ್ಲ," ಎಂದೆ. "ಕೈ ಸರಿಯಾಗಿತ್ತು."

"ಹಾಗಾದರೆ ಇದು ಅದಲ್ಲ."

"ಇದು ಅದಕ್ಕೆ ಶಿಕ್ಷೆ ಇರಬಹುದಾ, ಡಾಕ್ಟರ್ ಸಾಹಿಬಾ?"

ಅವರು ಬಾಗಿಲಾಚೆಯ ಕುರ್ಚಿಗಳ ಕಡೆ ಕೈ ತೋರಿಸಿದರು. "ಹೊರಗೆ ಎಂಬತ್ತು ಜನ ಕೂತಿದ್ದಾರೆ. ಅವರೆಲ್ಲಾ ಏನು ಮಾಡಿದ್ದರು? ಅವರಲ್ಲಿ ಒಬ್ಬ ಅಜ್ಜಿ ಇರುವೆಗೂ ಸಕ್ಕರೆ ಹಾಕುವವಳು. ಕಾಯಿಲೆಗೆ ಅಷ್ಟೆಲ್ಲಾ ಬುದ್ಧಿ ಇಲ್ಲ, ಅಂಕಲ್."

ಶಿಕ್ಷೆಯೂ ಅಲ್ಲ, ನೆಪವೂ ಅಲ್ಲ. ಎರಡನ್ನೂ ಒಂದೇ ಸಲ ಕಿತ್ತುಕೊಂಡರು. ಮಾತ್ರೆಗಿಂತ ದೊಡ್ಡ ಉಪಕಾರ ಅದು ಎಂದು ಈಗ ತಿಳಿಯುತ್ತದೆ. ಆ ದಿನ ಮಾತ್ರ ಮೈಮೇಲಿನ ಬಟ್ಟೆ ಕಳಚಿಕೊಂಡು ಹೊರಗೆ ಬಂದ ಹಾಗಿತ್ತು.

ವಾಪಸು ಬರುವಾಗ ಹೆದ್ದಾರಿಯಲ್ಲಿ ಜಾಮ್. ಮುಂದೆ ಹಿಂದೆ ಗಾಡಿಗಳು, ಬಿಸಿಲು. ಸುಧಾ ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಿದ್ದಳು. ಅಲ್ಲಿ ಪೂರ್ತಿ ಹೇಳಿದೆ. ಕಾಲು ಗಂಟುಕಟ್ಟಿದ್ದು, ಒರಗಿದ್ದು, ವಿಚಾರಣೆ, ಬೇವಿನ ಮರ. ಹೇಳುತ್ತಾ ಧ್ವನಿ ಇಳಿಯಿತು, ಅವಳು ಎಸಿ ಆರಿಸಿ ಕೇಳಿದಳು. ಮುಗಿದ ಮೇಲೆ ಎಸಿ ಮತ್ತೆ ಹಾಕಿದಳು.

"ರೊಟ್ಟಿ ಮಾಮ," ಎಂದಳು. "ಅವರು ನಮ್ಮನೆಗೆ ಬರೋದು ನಿಲ್ಲಿಸಿದ್ದು ಅದಕ್ಕೇನಾ?"

"ಅವನು ನಿಲ್ಲಿಸಲಿಲ್ಲ. ನಾನು ಕರೆಯೋದು ನಿಲ್ಲಿಸಿದೆ."

"ಅಮ್ಮನಿಗೆ?"

"ಅವನಿಗೆ ಬೇರೆ ಊರಿಗೆ ವರ್ಗವಾಯಿತು ಅಂದೆ. ವರ್ಗ ಆದದ್ದು ಆರು ತಿಂಗಳ ಮೇಲೆ. ಅಷ್ಟು ದಿನ ಅವನು ಎರಡು ಬಸ್ ಸ್ಟಾಪಿನ ಆಚೆ ಆಸ್ಪತ್ರೆಯಲ್ಲಿದ್ದ."

ಹಿಂದಿನ ಗಾಡಿ ಹಾರ್ನ್ ಹೊಡೆಯಿತು. ಸುಧಾ ಹತ್ತಡಿ ಮುಂದೆ ಹೋಗಿ ನಿಲ್ಲಿಸಿದಳು. "ಛೀ, ಅಪ್ಪ," ಎಂದಳು, ಮೆಲ್ಲಗೆ. ಮನೆ ತಲುಪಿ ಲಿಫ್ಟಿನ ಮುಂದೆ ನಾನು ನಿಂತಾಗ ಅವಳ ಕೈ ಬರಲು ತಡವಾಯಿತು. ಬಂತು.

ನಮ್ಮ ತಂಡದ ಇನ್ನೊಬ್ಬ ಕನ್ನಡದವನದು ಎಂದಷ್ಟೇ ಹೇಳಿ ಅವನ ಫೋನ್ ನಂಬರನ್ನು ಹಳೆಯ ಸಹೋದ್ಯೋಗಿಯೊಬ್ಬನಿಂದ ತೆಗೆದುಕೊಂಡೆ. ಒಂದು ಬೆಳಿಗ್ಗೆ, ಮನೆಯಲ್ಲಿ ಯಾರೂ ಇಲ್ಲದಾಗ ಮಾಡಿದೆ. ಎತ್ತಿದ್ದು ಅವನೇ. ಧ್ವನಿ ಮುದಿಯಾಗಿತ್ತು, ಆದರೆ ಅವನದೇ.

"ಹಲೋ? ಯಾರ್ರೀ? ... ಕೇಳಸವಲ್ತು. ಯಾರ ಬೇಕ್ರಿ ನಿಮಗ?"

ನಾನು ಉಸಿರೆತ್ತಲಿಲ್ಲ. ಅವನು ಎರಡು ಮೂರು ಸಲ ಹಲೋ ಎಂದು, "ನನ್ನ ಕಿವೀನ ಹೋಗ್ಯಾವೋ ಏನೋ," ಎಂದು ತನ್ನಲ್ಲೇ ಗೊಣಗಿ ಇಟ್ಟ. ಧ್ವನಿ ಬರಲಿಲ್ಲ ಎಂದು ಸುಧಾಳಿಗೆ ಹೇಳಿದೆ. ಅದೂ ಸುಳ್ಳು. ಆ ಬೆಳಿಗ್ಗೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅರ್ಧ ಗಂಟೆ ಕ್ಯಾಲೆಂಡರ್ ಓದಿದ್ದೆ. ಧ್ವನಿ ಇತ್ತು. ಮತ್ತೊಮ್ಮೆ ಅವನು ತನ್ನ ಮೈಯನ್ನೇ ಅನುಮಾನಿಸುವ ಹಾಗೆ ಮಾಡಿ ಸುಮ್ಮನೆ ಕೂತೆ.

ಆದ್ದರಿಂದ ಈಗ ಬರೆಯುತ್ತಿದ್ದೇನೆ. ಮಕ್ಕಳು ಕಾಪಿ ಬರೆಯುವ ಅಗಲ ಗೆರೆಯ ಪುಸ್ತಕದಲ್ಲಿ, ಗೆರೆಯಿಂದ ಗೆರೆಗೆ ಅಕ್ಷರ ತುಂಬುವಂತೆ. ದಿನಕ್ಕೆ ಅರ್ಧ ಪುಟ. ಅವನ ದಾಖಲೆಯಲ್ಲಿರುವ ಮಾತು ತಪ್ಪು, ಒತ್ತಿದ್ದು ನಾನು ಎಂದು ಹಳೆಯ ಕಚೇರಿಗೂ ಸಹಿ ಹಾಕಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಬಾರದಿದ್ದರೂ ಅದು ಅಲ್ಲಿದೆ. ಈ ಕಾಯಿಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಬಾಗಿಲಲ್ಲಿ ಕಾಲು ನಿಂತಾಗ ನಾಚಬೇಡಿ, ಹಿಂದಿನವರನ್ನು ಕೇಳಿ. ನಿಮ್ಮ ಮೈ ನಿಮಗೆ ಸುಳ್ಳು ಹೇಳುವಾಗ ಎಷ್ಟು ಒಂಟಿತನ ಎಂದು ನನಗೆ ಗೊತ್ತು. ನನ್ನದು ಕಾಯಿಲೆಯಿಂದ ಬಂತು. ಅವನದು ನನ್ನಿಂದ ಬಂತು.

ನಿನ್ನೆ ಕೊನೆಯ ಪುಟಕ್ಕೆ ಬಂದಾಗ ಸುಧಾ ಪಕ್ಕದಲ್ಲಿ ಬಂದು ಕೂತಳು. ಅವಳಿಗೆ ಕನ್ನಡ ಓದಲು ನಿಧಾನ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಮೊದಲ ಪುಟದಿಂದ ಶುರುಮಾಡಿ, ಬೆರಳಿಟ್ಟು, ಎಲ್ಲಾ ಓದಿದಳು. ನಾನು ಕಿಟಕಿಯ ಕಡೆ ನೋಡುತ್ತಾ ಕೂತಿದ್ದೆ.

"ಅಪ್ಪ, ಇದರಲ್ಲಿ ಪೂರಾ ಅವನು, ಅವನು ಅಂತಲೇ ಇದೆ. ಹೆಸರೆಲ್ಲಿ?"

"ಅವನು ಅಂದರೆ ಗೊತ್ತಾಗುತ್ತೆ."

"ಯಾರಿಗೆ ಗೊತ್ತಾಗುತ್ತೆ? ಅವರು ಓದಿದ್ರೆ ಬೇರೆ ಯಾರೋ ಅಂದ್ಕೊಳ್ತಾರೆ. ನನಗೇ ಅನ್ನಿಸಿರಬೇಕು ಅಂತಾರೆ. ನೀವೇ ಹೇಳಿದ್ರಲ್ಲ, ಅವರು ಹಾಗೇ ಅಂತ."

ಸರಿಯಾಗಿ ಹೇಳಿದಳು. ಮೂವತ್ತೈದು ವರ್ಷದಲ್ಲಿ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದೆ.

"ಕೇಳಿಸಲಿಲ್ಲ, ಅಪ್ಪ. ಜೋರಾಗಿ."

ಪೆನ್ನು ತೆಗೆದುಕೊಂಡು ಗೆರೆಯಿಂದ ಗೆರೆಗೆ ಬರೆಯುತ್ತಾ ಮತ್ತೆ ಹೇಳಿದೆ. ನಿನ್ನ ಹೆಗಲಿಗೆ ಹುಚ್ಚು ಹಿಡಿದಿರಲಿಲ್ಲ. ಒತ್ತಿದ್ದು ನನ್ನ ಕೈ. ನನ್ನನ್ನು ಕ್ಷಮಿಸು, ಶಿವಪುತ್ರ ಬಿರಾದಾರ.